ಹನ್ನೆರಡು ಗಂಟೆ ಏಳು ನಿಮಿಷ

"ಚಾಪೆ ಎತ್ತಿಕೊಳ್ಳೋ ಮಾರಾಯ, ಬೆಂಕಿ ಹತ್ತುತ್ತೆ!"

ಕೆಪು ಕೂಗುವಷ್ಟರಲ್ಲಿ ಸೋಸಾಯಾ ಸುತ್ತಿಕೊಂಡಿದ್ದ ಚಾಪೆಯ ಅಂಚು ಕೆಂಡಕ್ಕೆ ತಾಗಿ ಹೊಗೆಯಾಡತೊಡಗಿತ್ತು. ಅವನು ಸಲಿಕೆ ಬಿಸಾಕಿ, ಅಂಚನ್ನು ಬರಿಗೈಯಲ್ಲೇ ಹೊಸಕಿ ಆರಿಸಿದ. ಅಂಗೈ ಚುರ್ರೆಂದಿತು. ಇರಲಿ, ಇವತ್ತು ಇಷ್ಟಾದರೂ ಸುಡಲಿ ಎಂದುಕೊಂಡ.

ಚರ್ಚಿನ ಹಿತ್ತಲಲ್ಲಿ ನೆಲ ಅಗೆದು, ಸೌದೆ ಉರಿಸಿ, ಕಲ್ಲು ಕಾಯಿಸಿದ್ದರು. ಹಂದಿ, ಕೆಸುವಿನ ಗೆಡ್ಡೆ, ತೆಂಗಿನ ಹಾಲು ಹಾಕಿ ಎಲೆಯಲ್ಲಿ ಕಟ್ಟಿದ ಮಾಂಸ ಎಲ್ಲವನ್ನೂ ಆ ಕಲ್ಲುಗಳ ಮೇಲಿಟ್ಟು, ಒದ್ದೆ ಗೋಣಿ ಹೊದಿಸಿ, ಮಣ್ಣೆಳೆದು ಬಿಟ್ಟರೆ ಸ್ಮಶಾನದಿಂದ ಬರುವಷ್ಟರಲ್ಲಿ ಬೆಂದಿರುತ್ತದೆ. ಈ ಕೆಲಸ ತಾಯಿಯ ಕಡೆಯವರದು. ಟೊಂಗಾದವರಾದ ನಮ್ಮಲ್ಲಿ ಸತ್ತವನ ತಾಯಿಯ ಕಡೆಯವರೆಂದರೆ ಆ ದಿನದ ಮಟ್ಟಿಗೆ ಎಲ್ಲರಿಗಿಂತ ಕೆಳಗಿನವರು. ಎದೆಯವರೆಗೆ ಹರಕು ಚಾಪೆ ಸುತ್ತಿಕೊಂಡು, ತಲೆ ಬಾಚದೆ, ಹಿತ್ತಲಲ್ಲೇ ಇರಬೇಕು. ಚಾಪೆ ಎಷ್ಟು ದೊಡ್ಡದೋ, ಎಷ್ಟು ಹರಕೋ, ಅಷ್ಟು ಮರ್ಯಾದೆ ಕೊಟ್ಟ ಹಾಗೆ. ತಂದೆಯ ಕಡೆಯ ಸೋದರತ್ತೆ ಮಾತ್ರ ಒಳಗೆ ಹೆಣದ ತಲೆದೆಸೆಯಲ್ಲಿ ಮಹಾರಾಣಿಯಂತೆ ಕೂರುತ್ತಾಳೆ. ಅವಳು ಹೇಳಿದ್ದಕ್ಕೆ ಯಾರೂ ಎದುರಾಡುವಂತಿಲ್ಲ.

ಒಳಗೆ ಮಲಗಿದ್ದವನು ಲಾತೂ. ವಯಸ್ಸು ಐವತ್ತಮೂರು. ಮೊನ್ನೆ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡಲೆಂದು ಹೊಸಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿಬಿಟ್ಟಿದ್ದ. ಒಂದು ಬೂಟು ಕಟ್ಟಿಯಾಗಿತ್ತು.

ಸೋಸಾಯಾ ಅವನ ಸೋದರಮಾವನ ಮಗ. ನಮ್ಮಲ್ಲಿ ಅದೂ ಅಣ್ಣತಮ್ಮಂದಿರ ಲೆಕ್ಕವೇ. ಒಲೆಯ ಪಕ್ಕ ಕೂತು ಕೆಸುವಿನ ಸಿಪ್ಪೆ ಹೆರೆಯುತ್ತಿದ್ದ ಲೋಪೇತಿ ಇನ್ನೊಬ್ಬ ಮಾವನ ಮಗ. ಬೀದಿಯಲ್ಲಿ ನಿಂತಿದ್ದ ಕಪ್ಪು ಗಾಡಿ ಲೋಪೇತಿಯದು. ಮೂರು ಮನೆಗಳೂ ಅವನವೇ. ಅದರಲ್ಲೊಂದರಲ್ಲಿ ಕೆಪು ಬಾಡಿಗೆಗಿದ್ದ. ನಾವು ವಲಸೆ ಬಂದು ನೆಲೆಸಿರುವ ಮೌಂಟ್ ಡ್ರೂಯಿಟ್‌ನ ಸುತ್ತಮುತ್ತಲ ಗೋದಾಮುಗಳಿಗೆ ಆಳು ಕಳಿಸುವ ಗುತ್ತಿಗೆ ಅವನದು, ಹಿತ್ತಲಲ್ಲಿ ನಿಂತ ಗಂಡಸರಲ್ಲಿ ಅರ್ಧಕ್ಕರ್ಧ ಅವನ ಆಳುಗಳು. ಇವತ್ತು ಮಾತ್ರ ಅವನ ಚಾಪೆಯೇ ಎಲ್ಲರದಕ್ಕಿಂತ ಹರಕು. ಹೊಗೆಗೆ ಕಣ್ಣು ಕೆಂಪಾಗಿ, ಉಗುರ ಸಂದಿನಲ್ಲಿ ಮಣ್ಣು ತುಂಬಿಕೊಂಡು, ಯಾರು ಏನು ಹೇಳಿದರೂ "ಸರಿ, ಸರಿ" ಎನ್ನುತ್ತಿದ್ದ. ನಾಟಕವೇನಲ್ಲ. ಅವನು ನಿಜಕ್ಕೂ ಅತ್ತಿದ್ದ.

"ಕೈ ಸುಟ್ಟುಕೊಂಡ್ಯಾ?" ಕೆಪು ಬಿಡುವವನಲ್ಲ. "ಹೆಬ್ಬೆಟ್ಟು ನೆಟ್ಟಗಿದೆಯಾ ನೋಡ್ಕೋ. ನಿಂದು ಹೆಬ್ಬೆಟ್ಟಲ್ಲ ಕಣೋ, ಖಾಯಂ ನೌಕರಿ!"

ನಾಲ್ಕಾರು ಜನ ನಕ್ಕರು. ಸಾವಿನ ಹಿತ್ತಲಲ್ಲಿ ನಗು ನಿಷಿದ್ಧವೇನಲ್ಲ.

"ಹನ್ನೆರಡು ಮೂರಕ್ಕೆ ಬಂತು, ಹನ್ನೆರಡು ಮೂರಕ್ಕೇ ಒತ್ತಿದೆ," ಕೆಪು ಸೋಸಾಯಾನ ದನಿಯನ್ನೇ ಅಣಕಿಸಿದ. "ಚರ್ಚಿನ ಊಟದಲ್ಲಿ ಎಷ್ಟು ಸಲ ಹೇಳಿದೆಯಪ್ಪಾ! ನನ್ನ ಮೂರು ವರ್ಷದ ಮಗಳಿಗೂ ಬಾಯಿಪಾಠ ಆಗಿದೆ."

"ಸಾಕು ಬಿಡೋ," ಎಂದ ಸೋಸಾಯಾ. ಆ ಮಾತನ್ನು ಅಷ್ಟು ಸಲ ಯಾಕೆ ಹೇಳಿಕೊಂಡು ತಿರುಗಿದೆನೋ ಅವನಿಗೇ ಗೊತ್ತಿರಲಿಲ್ಲ. ಒಂದೇ ಸುಳ್ಳನ್ನು ಹತ್ತು ಸಲ ಹೇಳಬೇಕಾಗುತ್ತದೆ ನಿಜ. ಇವನು ನಿಜವನ್ನೇ ಹತ್ತು ಸಲ ಹೇಳಿದ್ದ. ಹನ್ನೆರಡು ಮೂರಕ್ಕೆ ಒತ್ತಿದ್ದು ನಿಜವೇ.

ಕೆಪು ಗೋಣಿ ನೆನೆಸಲು ನಲ್ಲಿಯತ್ತ ಹೋದಾಗ ಲೋಪೇತಿ ತಲೆ ಎತ್ತದೆಯೇ ಮಾತಾಡಿದ.

"ನನ್ನ ಕಂಪ್ಯೂಟರಿನಲ್ಲಿ ಎಲ್ಲರದೂ ಕಾಣುತ್ತೆ, ಸೋಸಾಯಾ. ಯಾರು ಯಾವಾಗ ಒತ್ತಿದ್ರು ಅಂತ."

ಸೋಸಾಯಾನ ಸಲಿಕೆ ನಿಂತಿತು.

"ನಾನು ಬಾಯಿ ಬಿಟ್ಟಿಲ್ಲ, ಬಿಡೋದೂ ಇಲ್ಲ. ನೀನೂ ಬಿಡಬೇಡ. ಲಾತೂಗೆ ಮೂರು ವಾರದಿಂದ ಎದೆ ನೋಯ್ತಿತ್ತು ಅಂತ ನನಗೆ ಗೊತ್ತಿತ್ತು ಅನ್ನೋದನ್ನ ಯಾರಿಗೂ ಹೇಳಬೇಡ. ಕೈಲಾಗದಿದ್ರೆ ಕೆಂಪು ಬಟನ್ ಒತ್ತು ಅಂದಿದ್ದೆ ನಾನು. ಅಂದಿದ್ದೆ ತಾನೇ?"

"ಮೂರು ಸಲ ಕೆಂಪು ಒತ್ತಿದ್ರೆ ಹೆಸರು ಪಟ್ಟಿಯ ತಳಕ್ಕೆ ಹೋಗಿ ಮೆಸೇಜು ಬರೋದೇ ನಿಲ್ಲುತ್ತಲ್ಲ, ಅಣ್ಣ."

"ಅದು ನಾನು ಮಾಡಿದ್ದಲ್ಲ. ಅದು ಆ ಸಾಫ್ಟ್‌ವೇರು," ಎಂದು ಲೋಪೇತಿ ಇನ್ನೊಂದು ಗೆಡ್ಡೆ ಎತ್ತಿಕೊಂಡ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

* * *

ದಿನವೂ ಮಧ್ಯಾಹ್ನ ಮೂರಕ್ಕೆ ಮೆಸೇಜು ಬರುತ್ತಿತ್ತು: ನಾಳೆ ಇಷ್ಟು ಗಂಟೆಗೆ, ಇಂಥ ಗೋದಾಮು, ಇಷ್ಟು ಜನ. ಕೆಳಗೆ ಎರಡು ಬಟನ್, ಹಸಿರು ಮತ್ತು ಕೆಂಪು. ನಲವತ್ತು ಫೋನು ಒಟ್ಟಿಗೆ ಗುಂಯ್ಗುಡುತ್ತಿದ್ದವು. ಮೊದಲು ಹಸಿರು ಒತ್ತಿದವರಿಗೆ ನಾಳಿನ ಕೆಲಸ; ಉಳಿದವರಿಗೆ "ಜಾಗ ತುಂಬಿದೆ" ಎಂದು ಇನ್ನೊಂದು ಮೆಸೇಜು. ಹಾಗಾಗಿ ಮೂರು ಗಂಟೆಗೆ ಯಾರೂ ಸ್ನಾನಕ್ಕೆ ಹೋಗುತ್ತಿರಲಿಲ್ಲ, ಗಾಡಿ ಓಡಿಸುತ್ತಿರಲಿಲ್ಲ, ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಲಾತೂ, ಸೋಸಾಯಾ ಇಬ್ಬರೂ ಫ್ರೀಜರ್ ಗೋದಾಮಿನವರು. ಅಲ್ಲಿ ಲಾತೂನ ಕನ್ನಡಕಕ್ಕೆ ಮಂಜು ಕಟ್ಟುತ್ತಿತ್ತು. ಅದನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಫೋನು ಬರೀ ಬೆಳಕಿನ ತುಂಡು.

"ನನ್ನದೂ ನೀನೇ ಒತ್ತಿಬಿಡೋ," ಎಂದು ಮೊದಲ ವಾರವೇ ಫೋನನ್ನು ಸೋಸಾಯಾನ ಕೈಗೆ ಕೊಟ್ಟಿದ್ದ. ಅಲ್ಲಿಂದ ಒಂಬತ್ತು ವರ್ಷ ಅದೇ ಪದ್ಧತಿ. ಮೂರಕ್ಕೆ ಐದು ನಿಮಿಷವಿರುವಾಗ ಸೋಸಾಯಾ ಕೈಗವಸು ಬಿಚ್ಚಿ, ಬಾಯಿಂದ ಊದಿ ಹೆಬ್ಬೆಟ್ಟು ಬಿಸಿಮಾಡಿಕೊಂಡು, ಎರಡು ಕೈಯಲ್ಲಿ ಎರಡು ಫೋನು ಹಿಡಿದು ಕಾಯುತ್ತಿದ್ದ. ಎರಡನ್ನೂ ಒಂದೇ ಏಟಿಗೆ ಒತ್ತುತ್ತಿದ್ದ. "ನನ್ನ ಕಣ್ಣು ಇವನ ಹತ್ರ ಇದೆ," ಎಂದು ಲಾತೂ ಎಲ್ಲರಿಗೂ ಹೇಳುತ್ತಿದ್ದ.

ಮಾರ್ಚಿನಲ್ಲಿ ಗೋದಾಮಿನವರು ಒಂದು ಖಾಯಂ ಜಾಗ ಕೊಟ್ಟರು. ಒಂದೇ ಒಂದು. ವಾರಕ್ಕೆ ಐದು ದಿನ, ಹಗಲು ಪಾಳಿ, ಕಾಯಿಲೆ ಬಿದ್ದರೆ ಸಂಬಳದ ಸಮೇತ ರಜೆ. ಯಾರಿಗೆ ಕೊಟ್ಟರೂ ಇನ್ನೊಬ್ಬರ ಬಾಯಿಗೆ ಬೀಳಬೇಕು, ತಾಯಿ ಕಡೆಯವರಿಗೆ ಕೊಟ್ಟ, ಹೆಂಡತಿ ಕಡೆಯವರಿಗೆ ಕೊಟ್ಟ ಎಂದು ಚರ್ಚು ಎರಡು ಪಾಲಾಗಬೇಕು. ಲೋಪೇತಿಗೆ ಅದರ ಉಸಾಬರಿಯೇ ಬೇಡವಾಗಿತ್ತು. ಅದನ್ನೂ ಮೆಸೇಜು ಮಾಡಿಬಿಟ್ಟ: ಮೊದಲು ಒತ್ತಿದವರಿಗೆ. ಅದೂ ಮೂರು ಗಂಟೆಗಲ್ಲ, ಯಾರೂ ಕಾದು ಕೂರದ ಹೊತ್ತಿನಲ್ಲಿ.

ಊಟದ ಬಿಡುವಿನಲ್ಲಿ ಲಾತೂ ಮೇಜಿನಾಚೆ ಕೂತು ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದ. ಪಾಳಿ ಮುಗಿಯುವವರೆಗೂ ಅವನ ಫೋನು ಸೋಸಾಯಾನ ಹತ್ತಿರವೇ ಇರುತ್ತಿತ್ತು, ಆಗಲೂ ಅವನ ಎಡಗೈಯಲ್ಲಿತ್ತು. ಎರಡೂ ಒಟ್ಟಿಗೆ ಗುಂಯ್ಗುಟ್ಟವು. ಸೋಸಾಯಾ ಓದಿದ. ಬಲ ಹೆಬ್ಬೆಟ್ಟು ಒತ್ತಿತು. ಎಡ ಹೆಬ್ಬೆಟ್ಟು ಒತ್ತಲಿಲ್ಲ.

"ಏನು ಬಂತೋ?"

"ಖಾಯಂ ಜಾಗವಂತೆ, ಅಣ್ಣ. ತಡಿ, ನಿನ್ನದು ಹೋಗ್ತಿಲ್ಲ. ನೆಟ್‌ವರ್ಕು ಸಿಗ್ತಿಲ್ಲ."

"ನಿಂದು ಹೋಯ್ತಾ?"

"ನೋಡ್ತಿದೀನಿ."

"ನಿಧಾನಕ್ಕೆ ನೋಡು. ಹೋಗುತ್ತೆ ಬಿಡು," ಎಂದು ಲಾತೂ ಬ್ರೆಡ್ಡು ಮುರಿದು ದೊಡ್ಡ ತುಂಡನ್ನು ಈಚೆಗೆ ತಳ್ಳಿದ.

ಸೋಸಾಯಾ ಅದನ್ನು ತಿಂದ. ತಿನ್ನುತ್ತಾ ಕಾದ. "ಜಾಗ ತುಂಬಿದೆ" ಎಂದು ಲಾತೂನ ಫೋನಿಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹಸಿರು ಒತ್ತಿದ. "ಈಗ ಹೋಯ್ತು ಅಣ್ಣ, ನಿಂದೂ ಒತ್ತಿದೆ," ಎಂದು ಹೇಳಬೇಕಿತ್ತಲ್ಲ, ಅದಕ್ಕೆ.

ಲಾತೂ ಹಿಗ್ಗಿಹೋದ. ತಾನೇ ಕೇಕು ತಂದ. "ಮೂರು ಮಕ್ಕಳ ತಂದೆ, ಇವನಿಗೆ ಬಂದಿದ್ದೇ ಸರಿ," ಎಂದು ಗೋದಾಮಿನ ತುಂಬ ಹೇಳಿಕೊಂಡು ಬಂದ. ಮಾರನೆಯ ದಿನ ಅವನ ಕನ್ನಡಕ ಕಾರಿನಲ್ಲಿರಲಿಲ್ಲ. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಮಂಜು ಕಟ್ಟಿದಾಗಲೆಲ್ಲ ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದ. ಫೋನನ್ನು ಮತ್ತೆ ಯಾವತ್ತೂ ಸೋಸಾಯಾನ ಕೈಗೆ ಕೊಡಲಿಲ್ಲ. ಮಾತೂ ಆಡಲಿಲ್ಲ, ಅಂದರೆ ಆ ಮಾತೊಂದನ್ನು ಬಿಟ್ಟು ಎಲ್ಲ ಮಾತೂ ಆಡಿದ. ಒಂದು ಸಲ ಬೈದಿದ್ದರೆ ಸೋಸಾಯಾ ಕಾಲಿಗೆ ಬೀಳುತ್ತಿದ್ದನೇನೋ. ಅವನು ಬೈಯಲೇ ಇಲ್ಲ.

ಇಲ್ಲಿ ಜೂನ್ ಚಳಿಗಾಲ, ಆ ಚಳಿಯಲ್ಲಿ ಸೋಸಾಯಾನಿಗೆ ಬರೀ ನೆಗಡಿಯಾಗಿತ್ತು. ಖಾಯಂ ಆದವನಲ್ಲವೆ, ಎರಡು ದಿನ ರಜೆ ಹಾಕಿ ಕಂಬಳಿ ಹೊದ್ದು ಶುಂಠಿ ಚಹಾ ಕುಡಿಯುತ್ತಾ ಮಲಗಿದ. ಆಗಸ್ಟಿನಲ್ಲಿ ಲಾತೂ ಎದೆ ಒತ್ತಿಕೊಂಡು ಮೂರು ವಾರ ಹಸಿರು ಒತ್ತಿದ.

* * *

ಮಣ್ಣು ಮಾಡಿ ಬಂದಾಗ ಎರಡೂವರೆ. ಚರ್ಚಿನ ಸಭಾಂಗಣದ ತುಂಬ ಚಾಪೆ ಹಾಸಿ ಎಲೆಗಳಲ್ಲಿ ಊಟ ಬಡಿಸಿದ್ದರು. ಶುಕ್ರವಾರ, ಬಂದವರಲ್ಲಿ ಹೆಚ್ಚಿನವರು ಆ ದಿನದ ಕೆಲಸ ಕಳೆದುಕೊಂಡು ಬಂದವರು. ತಾಯಿಯ ಕಡೆಯವರು ಬಾಗಿಲ ಹೊರಗೆ ಬಡಿಸುವ ಪಾತ್ರೆಗಳ ಹತ್ತಿರ ನಿಂತಿದ್ದರು.

ಒಳಗೆ ಲಾತೂನ ಹೆಂಡತಿ ಕಲೋಲೈನೆ ತಟ್ಟೆ ಮುಟ್ಟಿರಲಿಲ್ಲ.

"ಪಾದ್ರಿಗಳು ಚೆನ್ನಾಗಿ ಹೇಳಿದ್ರು," ಎಂದು ಲಾತೂನ ಸೋದರತ್ತೆ ಫುಸಿಗೆ ಹೇಳಿದಳು. "ಒಳ್ಳೆಯವನು, ದೈವಭಕ್ತ, ದುಡಿಮೆಗಾರ ಅಂತ. ಅದನ್ನ ಯಾರ ಹೆಣದ ಮುಂದೆ ಬೇಕಾದ್ರೂ ಹೇಳಬಹುದು ಅತ್ತೆ. ನನ್ನ ಗಂಡ ಏನು ಮಾಡಿದ ಅನ್ನೋದು ಇದರಲ್ಲಿದೆ." ಮಡಿಲಿನಿಂದ ಲಾತೂನ ಫೋನು ತೆಗೆದಳು. "ಇದನ್ನ ಓದಿಸಬೇಕು."

ಫುಸಿ ಅತ್ತೆಗೆ ಎಂಬತ್ತೊಂದು. ಫೋನಿನಲ್ಲಿ ಓದುವಂಥದ್ದೇನಿದೆ ಎಂದು ಅವಳು ಕೇಳಲಿಲ್ಲ. "ಯಾರು ಓದಬೇಕು?"

"ಸೋಸಾಯಾ ಓದಲಿ. ಅವರ ಕಣ್ಣು ಅವನ ಹತ್ರ ಇತ್ತಲ್ಲ."

"ಸೋಸಾಯಾನ್ನ ಒಳಗೆ ಕರೀರೋ!"

ಅವನು ಬಗ್ಗಿಕೊಂಡು ಬಂದ. ಕೆಳಗಿನವನು ಆ ದಿನ ಸಭೆಯ ನಡುವೆ ಬರುವುದೇ ಅಪಚಾರ, ಅದರಲ್ಲೂ ಮಸಿ ಹಿಡಿದ ಚಾಪೆಯಲ್ಲಿ. ಕಲೋಲೈನೆ ಫೋನು ನೀಡಿದಳು. ಅವಳ ಮುಖದಲ್ಲಿ ಏನಿದೆಯೆಂದು ಅವನು ಹುಡುಕಿದ. ನಾಲ್ಕು ದಿನದ ಅಳು ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಲ್ಲಿ ಮಗಳು ವಿಕಾ ಕೂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಕೋಳಿ ಫ್ಯಾಕ್ಟರಿಯಲ್ಲಿ ಅಪ್ಪನ ಹಾಗೇ ಮೆಸೇಜಿನ ಮೇಲೆ ಬದುಕುವವಳು. ಅವಳು ಚಿಕ್ಕಪ್ಪನಿಗೆಂದು ಜರುಗಿ ಜಾಗ ಮಾಡಿಕೊಟ್ಟಳು.

"ಅತ್ತಿಗೆ, ಇದನ್ನ... ಎಲ್ಲಾ ಯಾಕೆ?"

"ಓದು ಅಂದ್ರೆ ಓದು," ಎಂದಳು ಫುಸಿ ಅತ್ತೆ.

ಅವನು ಓದತೊಡಗಿದ. ಹೋದ ಡಿಸೆಂಬರಿನಿಂದ.

"ನಾಳೆ ಸೋಮವಾರ. ಬೆಳಿಗ್ಗೆ ಐದು. ಫ್ರೀಜರ್. ಹೌದು."

"ನಾಳೆ ಮಂಗಳವಾರ. ಬೆಳಿಗ್ಗೆ ಐದು. ಫ್ರೀಜರ್. ಹೌದು."

"ಬುಧವಾರ. ರಾತ್ರಿ ಹತ್ತು. ಲಾರಿ ಇಳಿಸುವುದು. ಹೌದು."

ಮೊದಲು ಜನ ಮುಖ ಮುಖ ನೋಡಿಕೊಂಡರು. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಮೂಲೆಯಲ್ಲೊಬ್ಬ ಮುದುಕ ಅವನ ಜೊತೆಗೇ "ಹೌದು" ಎಂದ. ಆಮೇಲೆ ಇನ್ನಿಬ್ಬರು. ಚರ್ಚಿನಲ್ಲಿ ಪಾದ್ರಿಗೆ ಮರುದನಿ ಕೊಟ್ಟು ಅಭ್ಯಾಸವಾದ ಜನ. ಸ್ವಲ್ಪ ಹೊತ್ತಿಗೆ ಇಡೀ ಸಭಾಂಗಣ ಒಂದೇ ದನಿಯಲ್ಲಿ ಹೇಳತೊಡಗಿತು.

"ಕ್ರಿಸ್‌ಮಸ್ ಹಿಂದಿನ ದಿನ. ಬೆಳಿಗ್ಗೆ ನಾಲ್ಕು."

"ಹೌದು!"

"ಅವತ್ತು ಹಂದಿ ಸುಡೋಕೆ ಬರ್ತೀನಿ ಅಂದಿದ್ದ, ಕಳ್ಳ!" ಎಂದು ಯಾರೋ ಅಂದರು. ನಗು, ಅದರ ಬೆನ್ನಿಗೇ ಬಿಕ್ಕು.

"ಜನವರಿ ಒಂಬತ್ತು. ಬೆಳಿಗ್ಗೆ ಐದು."

"ಅವರ ಅಮ್ಮ ಹೋದ ಮಾರನೇ ದಿನ," ಎಂದಳು ಕಲೋಲೈನೆ.

"ಹೌದು," ಎಂದಿತು ಸಭೆ, ಮೆಲ್ಲಗೆ.

ಎಲ್ಲರೂ ಅಳುತ್ತಿದ್ದರು. ಸೋಸಾಯಾನೂ ಅಳುತ್ತಿದ್ದ, ಆದರೆ ಅವನ ಕಣ್ಣು ಪರದೆಯ ಕೆಳಗಿನಿಂದ ಮೇಲೇರಿ ಬರುತ್ತಿದ್ದ ತಾರೀಕುಗಳ ಮೇಲಿತ್ತು. ಫೆಬ್ರುವರಿ ಕೊನೆ. ಮಾರ್ಚ್ ಎರಡು. ಮಾರ್ಚ್ ಐದು. ಹದಿನಾಲ್ಕನೇ ತಾರೀಕು ಬಂದಾಗ ಅವನ ಹೆಬ್ಬೆಟ್ಟು, ಆ ಊರಲ್ಲೇ ಚುರುಕೆಂದು ಹೆಸರಾದ ಹೆಬ್ಬೆಟ್ಟು, ಪರದೆಯನ್ನು ಸ್ವಲ್ಪ ಜೋರಾಗಿ ತಳ್ಳಿತು.

"ಮಾರ್ಚ್ ಹದಿನೈದು. ಬೆಳಿಗ್ಗೆ ಐದು. ಫ್ರೀಜರ್."

"ಹೌದು!"

ವಿಕಾಳ ತೋರುಬೆರಳು ಬಂತು. ಪರದೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿತು. ಅಲ್ಲೇ ನಿಂತಿತು.

"ಒಂದು ಬಿಟ್ರಿ, ಚಿಕ್ಕಪ್ಪ."

ಅವಳು ಗಟ್ಟಿಯಾಗಿ ಹೇಳಿರಲಿಲ್ಲ. ಆದರೂ ಎಲ್ಲರೂ ಅವನು ಓದಲೆಂದು ಕಾಯುತ್ತಿದ್ದರು. ಬಾಯಲ್ಲಿ "ಹೌದು" ಸಿದ್ಧವಾಗಿತ್ತು.

"ಖಾಯಂ ಜಾಗ," ಎಂದ ಸೋಸಾಯಾ. "ಒಂದು. ಹನ್ನೆರಡು ಗಂಟೆ ಮೂರು ನಿಮಿಷ."

ಜನ "ಹೌದು" ಅನ್ನಲು ಹೋಗಿ, ಅವನು ನಿಲ್ಲಿಸದೆ ಮುಂದುವರಿದದ್ದು ಕಂಡು ಸುಮ್ಮನಾದರು.

"ಜಾಗ ತುಂಬಿದೆ. ಹನ್ನೆರಡು ಗಂಟೆ ನಾಲ್ಕು ನಿಮಿಷ."

"ಆಮೇಲಿಂದು," ಎಂದಳು ವಿಕಾ.

"ಹೌದು." ಅವನ ದನಿ ಅವನಿಗೇ ಕೇಳಿಸಲಿಲ್ಲ. "ಹನ್ನೆರಡು ಗಂಟೆ ಏಳು ನಿಮಿಷ."

ಯಾರೂ ಮರುದನಿ ಕೊಡಲಿಲ್ಲ. ಲಾತೂನ ಫೋನು ಆಗ ಯಾರ ಕೈಯಲ್ಲಿರುತ್ತಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಹನ್ನೆರಡು ಮೂರರ ಕತೆಯಂತೂ ಮೂರು ವರ್ಷದ ಮಗುವಿಗೂ ಬಾಯಿಪಾಠ. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಕೆಪು ಬಾಯಿ ತೆರೆದ.

"ತುಂಬಿದೆ ಅಂತ ಬಂದಮೇಲೆ ಯಾರಾದ್ರೂ ಹೌದು ಅಂತ ಒತ್ತುತ್ತಾರೇನೋ..." ಎಂದು ಶುರುಮಾಡಿ, ಅರ್ಧಕ್ಕೇ ಅರ್ಥವಾಗಿ, ಸೌಟಿನ ಕಡೆ ನೋಡಿಕೊಂಡ.

ಸೋಸಾಯಾ ತಲೆ ತಗ್ಗಿಸಿದ. ಚಾಪೆ ಎದೆಯವರೆಗಿತ್ತು, ಅದು ತಲೆಯವರೆಗೂ ಬರಬಾರದಿತ್ತೇ ಅನಿಸಿತು. ತನ್ನ ಹೆಂಡತಿ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆಂದು ಗೊತ್ತಿತ್ತು. ಆ ಕಡೆ ನೋಡಲಿಲ್ಲ. "ನಾನೇ, ಅತ್ತಿಗೆ," ಎಂದ. "ನಾನೇ ತಡ ಮಾಡಿದ್ದು. ನೆಟ್‌ವರ್ಕು ಇತ್ತು."

ಫುಸಿ ಅತ್ತೆ, ಕೇಳಿದರೆ ಅವನ ಮನೆಯ ಪಾತ್ರೆಪಗಡಿಯನ್ನೂ ಕೊಡಬೇಕಾಗಿದ್ದ ಜಾಗದಲ್ಲಿ ಕೂತಿದ್ದಳು. ಆದರೆ ಅವಳು ನೋಡಿದ್ದು ಅವನನ್ನಲ್ಲ, ಬಾಗಿಲಾಚೆ ಪಾತ್ರೆಯ ಮರೆಯಲ್ಲಿ ನಿಂತಿದ್ದ ಲೋಪೇತಿಯನ್ನು. ಲೋಪೇತಿ ಅಂಗೈಯ ಮಣ್ಣನ್ನು ಚಾಪೆಗೆ ಒರೆಸಿಕೊಳ್ಳುತ್ತಿದ್ದ, ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದ.

ಆಗ ಮೂರು ಹೊಡೆಯಿತು.

ಸಭಾಂಗಣದ ತುಂಬ, ಜೇಬುಗಳಲ್ಲಿ, ಚಾಪೆಗಳ ಅಡಿಯಲ್ಲಿ, ಮಡಿಲುಗಳಲ್ಲಿ ಫೋನುಗಳು ಒಟ್ಟಿಗೆ ಗುಂಯ್ಗುಟ್ಟವು. ಲೋಪೇತಿ ಬೆಚ್ಚಿದ. ಸಾವಿನ ದಿನ ಅದನ್ನು ನಿಲ್ಲಿಸಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ನಲವತ್ತು ಕೈಗಳು ಅಭ್ಯಾಸಬಲದಿಂದ ಮಿಸುಕಿದವು. ಕೆಪುವಿನ ಕೈ ಚಾಪೆಯೊಳಗೆ ಹೋಗಿಯೇಬಿಟ್ಟಿತ್ತು. ನಾಳೆ ಶನಿವಾರ, ಶನಿವಾರದ ಕೂಲಿ ಒಂದೂವರೆ ಪಟ್ಟು. ಕೆಪು ಸುತ್ತ ನೋಡಿ, ಬರಿಗೈಯನ್ನು ಹೊರಗೆ ತೆಗೆದ. ಯಾರೂ ಒತ್ತಲಿಲ್ಲ. ಸೋಸಾಯಾನ ಸ್ವಂತ ಜೇಬೊಂದು ಮಾತ್ರ ಸುಮ್ಮನಿತ್ತು. ಖಾಯಂ ಆದವರಿಗೆ ಆ ಮೆಸೇಜು ಬರುವುದಿಲ್ಲ.

ಅವನ ಕೈಯಲ್ಲಿದ್ದ ಲಾತೂನ ಫೋನೂ ಬೆಳಗಿತ್ತು.

"ಏನು ಬಂತು?" ಎಂದಳು ಕಲೋಲೈನೆ.

"ಏನಿಲ್ಲ, ಅತ್ತಿಗೆ."

"ಓದು."

"ನಾಳೆ ಶನಿವಾರ. ಬೆಳಿಗ್ಗೆ ಐದು. ಫ್ರೀಜರ್. ಒಬ್ಬರು ಬೇಕು."

ಅವಳು ಕೈ ಚಾಚಿ ಫೋನು ತೆಗೆದುಕೊಂಡಳು. ಮಡಿಲಲ್ಲಿದ್ದ ಗಂಡನ ಕನ್ನಡಕವನ್ನು, ದಾರದ ಸಮೇತ, ಮೂಗಿನ ಮೇಲೇರಿಸಿದಳು.

"ಹಸಿರು ತಾನೇ?"

ವಿಕಾ ಹಸಿರು ಬಟನ್ನಿನತ್ತ ಬೆರಳು ತೋರಿಸಿದಳು.

"ಈ ಸಲ ಅವರದೇ ಮೊದಲು ಹೋಗಲಿ," ಎಂದು ಹೆಬ್ಬೆಟ್ಟು ಊರಿದಳು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವಳ ಅಂಗೈಯಲ್ಲಿ ಫೋನು ಸಣ್ಣಗೆ ನಡುಗಿತು. ವಿಕಾ ಬಗ್ಗಿ, ಅಮ್ಮನಿಗೆ ಓದಿ ಹೇಳಿದಳು: "ಧನ್ಯವಾದ, ಲಾತೂ. ನಾಳೆ ಐದು ಗಂಟೆಗೆ ಬನ್ನಿ. ಕೈಗವಸು ಮರೆಯಬೇಡಿ."

ಅದರ ಬೆನ್ನಿಗೇ ಸಭಾಂಗಣದ ಎಲ್ಲ ಜೇಬುಗಳೂ ಇನ್ನೊಮ್ಮೆ ಗುಂಯ್ಗುಟ್ಟವು. ಯಾರೂ ತೆಗೆದು ನೋಡಲಿಲ್ಲ. ಜಾಗ ತುಂಬಿದೆಯೆಂದು ಎಲ್ಲರಿಗೂ ಗೊತ್ತಿತ್ತು.